ಕೈ ಬಿಟ್ಟದ್ದು, ಕಣ್ಣು ಹಿಡಿದದ್ದು

ಚಿತ್ರಕಲೆಯಲ್ಲಿ ಸುಪ್ತ ಮನಸ್ಸು ಮಾತನಾಡುತ್ತದೆ ಎಂಬ ನಂಬಿಕೆಯ ಒಂದು ಬೇರು ಯುದ್ಧಕಾಲದ ಆಸ್ಪತ್ರೆಯಲ್ಲಿದೆ. ವೈದ್ಯಕೀಯ ಓದುತ್ತಿದ್ದ ಆಂದ್ರೆ ಬ್ರೆತಾನ್ 1916ರಲ್ಲಿ ಫ್ರಾನ್ಸಿನ ಸೇಂಟ್-ದಿಜಿಯೇ ಎಂಬಲ್ಲಿ, ಕದನದಿಂದ ಮನಸ್ಸು ಕದಡಿದ ಸೈನಿಕರ ಆರೈಕೆಗೆ ನಿಂತರು. ತೋಚಿದ್ದನ್ನೆಲ್ಲ ತಡೆಯಿಲ್ಲದೆ ಹೇಳಿಸುವ, ಮನೋವಿಶ್ಲೇಷಕ ಫ್ರಾಯ್ಡ್ ಅವರ ವಿಧಾನ ಅವರನ್ನು ಸೆಳೆದದ್ದು ಅಲ್ಲಿ. 1919ರಲ್ಲಿ ಗೆಳೆಯ ಫಿಲಿಪ್ ಸೂಪೋ ಜೊತೆ ಅದನ್ನು ಬರವಣಿಗೆಗೆ ತಂದರು. 1924ರ ತಮ್ಮ ಪ್ರಣಾಳಿಕೆಯಲ್ಲಿ, ವಿವೇಚನೆಯ ಕಾವಲಿಲ್ಲದ ಚಿಂತನೆಯೇ ಸರ್ರಿಯಲಿಸಂ ಎಂದು ಸಾರಿದರು.

ಚಿತ್ರಕಾರರು ಇದನ್ನು ಕೈಗೆತ್ತಿಕೊಂಡಾಗ ಕುತೂಹಲದ ಸಂಗತಿಯೊಂದು ನಡೆಯಿತು. ಆಂದ್ರೆ ಮಾಸೋನ್ 1926ರ ಹೊತ್ತಿಗೆ ಕ್ಯಾನ್ವಾಸಿನ ಮೇಲೆ ಅಂಟು ಚೆಲ್ಲಿ, ಮರಳು ಎರಚಿ, ಉಳಿದ ಗುರುತುಗಳಲ್ಲಿ ಕಾದಾಡುವ ಮೀನುಗಳನ್ನು ಕಂಡು ಗೆರೆ ಎಳೆದರು. ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಸವೆದ ಮರದ ಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಮೂಡಿದ ಗೆರೆಗಳಲ್ಲಿ ಕಾಡನ್ನೂ ಪ್ರಾಣಿಗಳನ್ನೂ ಗುರುತಿಸಿದರು. ಎರಡರಲ್ಲೂ ಕೈ ಮೊದಲು ಹಿಡಿತ ಬಿಟ್ಟಿತು. ಆಮೇಲೆ ಕಣ್ಣು ಆಯ್ದುಕೊಂಡಿತು. ಸುಪ್ತ ಮನಸ್ಸು ಹಸಿಹಸಿಯಾಗಿ ಕ್ಯಾನ್ವಾಸಿಗೆ ಇಳಿಯುವುದಿಲ್ಲ, ಈ ಬಿಡುವ ಹಿಡಿಯುವ ಕೊಡುಕೊಳ್ಳುವಿಕೆಯಲ್ಲೇ ಅದು ರೂಪ ತಳೆಯುತ್ತದೆ ಎಂಬುದು ನನ್ನ ವಾದ.

ಇದಕ್ಕೆ ಮೊದಲ ಆಕ್ಷೇಪ: ಪ್ರಜ್ಞೆ ಕೈಹಾಕಿದ ಮೇಲೆ ಅದು ಸುಪ್ತ ಮನಸ್ಸಿನ ಕಲೆ ಹೇಗಾದೀತು? ಉತ್ತರ ಸ್ವತಃ ಫ್ರಾಯ್ಡ್ ಅವರಲ್ಲಿದೆ. ಸರ್ರಿಯಲಿಸ್ಟರ ಬಗ್ಗೆ ಅವರಿಗೆ ಗೌರವವಿರಲಿಲ್ಲ. 1938ರಲ್ಲಿ ಲಂಡನ್ನಿನಲ್ಲಿ ಸರ್ರಿಯಲಿಸ್ಟ್ ಚಿತ್ರಕಾರ ಸಾಲ್ವಡಾರ್ ಡಾಲಿಯನ್ನು ಕಂಡ ಮೇಲೆ ಆ ಅಭಿಪ್ರಾಯವನ್ನು ಮರುಚಿಂತಿಸಬೇಕೆನಿಸಿತೆಂದು ಲೇಖಕ ಸ್ಟೆಫಾನ್ ಜ್ವೈಗ್ ಅವರಿಗೆ ಬರೆದರು. ಆದರೆ ಸುಪ್ತ ಸಾಮಗ್ರಿಗೂ ಅದನ್ನು ತಿದ್ದಿ ರೂಪಿಸುವ ಮನೋವ್ಯಾಪಾರಕ್ಕೂ ನಡುವಿನ ಪ್ರಮಾಣ ಮಿತಿ ಮೀರಿದರೆ ಅದನ್ನು ಕಲೆಯೆನ್ನುವುದು ಕಷ್ಟ ಎಂಬ ಆಕ್ಷೇಪಕ್ಕೂ ಅದೇ ಪತ್ರದಲ್ಲಿ ಜಾಗ ಕೊಟ್ಟರು. ಕನಸೂ ಹಾಗೆಯೇ: ಅದು ಬಯಕೆಯನ್ನು ಮರೆಮಾಚಿ, ಬೆಸೆದು, ಬದಲಿಸಿಯೇ ತೋರಿಸುತ್ತದೆ ಎಂದು ಅವರು ಮೊದಲೇ ವಿವರಿಸಿದ್ದರು. ರೂಪಾಂತರವಿಲ್ಲದೆ ಸುಪ್ತ ಮನಸ್ಸು ನಮ್ಮೆದುರು ಬರುವುದೇ ಇಲ್ಲ.

ಇನ್ನೊಂದು ಆಕ್ಷೇಪ ಅಮೂರ್ತ ಕಲೆಯ ಕುರಿತದ್ದು: ಗುರುತಿಸಲು ಆಕಾರವೇ ಇಲ್ಲದ ಬಣ್ಣದ ಎರಚಾಟ ಯಾರಿಂದಲೂ ಆದೀತಲ್ಲ? ನಿಜ, ಎಲ್ಲ ಅಮೂರ್ತ ಚಿತ್ರಗಳೂ ಸುಪ್ತ ಮನಸ್ಸಿನಿಂದ ಹುಟ್ಟಿದವಲ್ಲ. ಮೊಂಡ್ರಿಯಾನ್ ಅರಸಿದ್ದು ಸಮತೋಲದ ನಿಯಮವನ್ನು. ಆದರೆ ಜಾಕ್ಸನ್ ಪೊಲಾಕ್ 1939ರಿಂದ ಯೂಂಗ್ ಪಂಥದ ಮನೋವಿಶ್ಲೇಷಣೆಗೆ ಒಳಗಾಗಿದ್ದವರು, ಸರ್ರಿಯಲಿಸ್ಟರ ವಿಧಾನವನ್ನು ಬಲ್ಲವರು. 1947ರಿಂದ ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಬಣ್ಣ ಸುರಿದಾಗಲೂ ಅದರ ಹರಿವು ತಮ್ಮ ಅಂಕೆಯಲ್ಲಿದೆ, ಆಕಸ್ಮಿಕವೆಂಬುದಿಲ್ಲ ಎಂದೇ ಹೇಳುತ್ತಿದ್ದರು. ಸುಮ್ಮನೆ ಎರಚುವವನಿಗೆ ಈ ಮಾತು ಹೇಳಲಾಗದು. ಆದ್ದರಿಂದ ಇಂಥ ಚಿತ್ರದ ಮುಂದೆ ನಿಂತಾಗ ಕಲಾವಿದನ ಕಾಯಿಲೆಯನ್ನು ಹುಡುಕುವುದು ಬೇಡ. ಕೈ ಎಲ್ಲಿ ಬಿಟ್ಟುಕೊಟ್ಟಿತು, ಕಣ್ಣು ಯಾವುದನ್ನು ಉಳಿಸಿಕೊಂಡಿತು ಎಂದು ಹುಡುಕೋಣ. ಒಳಮನಸ್ಸಿನ ಸುಳಿವು ಸಿಗುವುದು ಆ ಆಯ್ಕೆಯಲ್ಲಿ.