ಯಾವ ರೋಗಾಣುವಿಗೆ ಯಾವ ಔಷಧಿ?

(ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಏರ್ಪಡಿಸಿದ್ದ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸ)



ನಮ್ಮ ವಾರ್ಡಿನಲ್ಲಿ ದಿನಾಲೂ ಒಂದು ಪ್ರಶ್ನೆ ಕೇಳಿಬರುತ್ತದೆ. "ಸಿಸ್ಟರ್, ಜ್ವರ ಬಂದು ನಾಲ್ಕು ದಿನ ಆತ್ರಿ. ಛಲೋ ಪವರ್ ಇರೋ ಗುಳಿಗಿ ಕೊಟ್ಟು ಕಳಸ್ರಿ. ಈ ರಕ್ತ, ಮೂತ್ರ ಪರೀಕ್ಷೆ ಎಲ್ಲಾ ಯಾಕ?" ಈ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಕೆಲಸ.

ನಿಮ್ಮಲ್ಲಿ ಬಹಳ ಜನ ಒಕ್ಕಲುತನ ಮಾಡುವವರು. ಹತ್ತಿ ಹೊಲಕ್ಕೆ ಎಣ್ಣೆ ಹೊಡೆಯುವ ಮುಂಚೆ ಏನು ಮಾಡುತ್ತೀರಿ? ಎಲೆ ತಿರುವಿ ನೋಡುತ್ತೀರಿ. ರಸ ಹೀರುವ ಹುಳುವೋ, ಕಾಯಿ ಕೊರೆಯುವ ಹುಳುವೋ, ಅಥವಾ ಅದು ಹುಳುವೇ ಅಲ್ಲದೆ ಬೇರೆ ರೋಗವೋ ಎಂದು ತಿಳಿದ ಮೇಲೆ ಎಣ್ಣೆ ತರುತ್ತೀರಿ. ಹೊಲಕ್ಕೆ ತೋರಿಸುವ ಈ ಎಚ್ಚರಿಕೆಯನ್ನು ನಮ್ಮ ದೇಹಕ್ಕೂ ತೋರಿಸಬೇಕು.

ಮೊದಲನೆಯ ವಿಷಯ: ಆಂಟಿಬಯೋಟಿಕ್ ಎಂಬ ಔಷಧಿ ಕೆಲಸ ಮಾಡುವುದು ಬ್ಯಾಕ್ಟೀರಿಯಾಗಳ ಮೇಲೆ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ ಇವೆಲ್ಲ ವೈರಸ್ಸಿನಿಂದ ಬರುತ್ತವೆ. ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಎಷ್ಟು ದೊಡ್ಡದಾದರೂ ನಡೆಯುವುದಿಲ್ಲ. ಮಕ್ಕಳ ವಾಂತಿ-ಭೇದಿಯಲ್ಲೂ ಹೆಚ್ಚಿನ ಸಲ ಜೀವ ಉಳಿಸುವುದು ಓಆರ್‌ಎಸ್ ನೀರು, ಆಂಟಿಬಯೋಟಿಕ್ ಅಲ್ಲ.

ಎರಡನೆಯ ವಿಷಯ: ಬ್ಯಾಕ್ಟೀರಿಯಾಗಳಲ್ಲೂ ಬೇರೆ ಬೇರೆ ಗುಂಪುಗಳಿವೆ. ಅವನ್ನು ಗುರುತಿಸುವ ಒಂದು ಸರಳ ಬಣ್ಣದ ಪರೀಕ್ಷೆಯನ್ನು ಡೆನ್ಮಾರ್ಕ್ ದೇಶದ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದರು. ಇಂದಿಗೂ ನಮ್ಮ ಲ್ಯಾಬಿನಲ್ಲಿ ಅದೇ ನಡೆಯುತ್ತದೆ. ಕೀವು ಅಥವಾ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ನೇರಳೆ ಬಣ್ಣ ಮತ್ತು ಅಯೋಡಿನ್ ಹಾಕಿ, ಸ್ಪಿರಿಟ್ಟಿನಿಂದ ತೊಳೆದು, ಕೊನೆಗೆ ಕೆಂಪು ಬಣ್ಣ ಹಾಕುತ್ತಾರೆ. ದಪ್ಪ ಗೋಡೆಯ ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಬಿಡುವುದಿಲ್ಲ. ಇವು ಗ್ರಾಮ್ ಪಾಸಿಟಿವ್. ತೆಳು ಗೋಡೆಯವು ನೇರಳೆ ಬಣ್ಣ ಬಿಟ್ಟು ಗುಲಾಬಿಯಾಗಿ ಕಾಣುತ್ತವೆ. ಇವು ಗ್ರಾಮ್ ನೆಗೆಟಿವ್. ಇವುಗಳ ಗೋಡೆ ತೆಳುವಾದರೂ ಅದರ ಹೊರಗೆ ಇನ್ನೊಂದು ಪೊರೆ ಇರುತ್ತದೆ, ಮನೆಯ ಸುತ್ತ ಬೇಲಿ ಇದ್ದ ಹಾಗೆ.

ಇದರ ಜೊತೆಗೆ ಆಕಾರವನ್ನೂ ನೋಡುತ್ತಾರೆ. ದುಂಡಗಿನವು ಕಾಕೈ, ಕಡ್ಡಿಯಂತಹವು ಬ್ಯಾಸಿಲೈ. ದ್ರಾಕ್ಷಿ ಗೊಂಚಲಿನಂತೆ ಗುಂಪಾಗಿದ್ದರೆ ಸ್ಟೆಫೈಲೊಕಾಕಸ್. ಕುರು, ಗಾಯದ ಕೀವಿನಲ್ಲಿ ಇದು ಸಾಮಾನ್ಯ. ಮಣಿಸರದಂತೆ ಸಾಲಾಗಿದ್ದರೆ ಸ್ಟ್ರೆಪ್ಟೊಕಾಕಸ್; ಮಕ್ಕಳ ಗಂಟಲು ನೋವಿಗೆ ಇದು ಒಂದು ಕಾರಣ. ಮೂತ್ರದ ಸೋಂಕು ತರುವ ಇ. ಕೋಲಿ, ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಗುಲಾಬಿ ಕಡ್ಡಿಗಳು. ಧನುರ್ವಾಯು ತರುವ ಬ್ಯಾಕ್ಟೀರಿಯಾ ಗಾಳಿ ಆಡದ ಆಳವಾದ ಗಾಯದಲ್ಲಿ ಬೆಳೆಯುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂತಹ ಹೊದಿಕೆ ಇರುವುದರಿಂದ ಅದಕ್ಕೆ ಪರೀಕ್ಷೆಯೂ ಬೇರೆ, ಔಷಧಿಯೂ ಬೇರೆ.

ಇಷ್ಟೆಲ್ಲ ಯಾಕೆ ತಿಳಿಯಬೇಕು? ಔಷಧಿ ಆರಿಸುವ ದಾರಿ ಇಲ್ಲಿಂದಲೇ ಶುರುವಾಗುತ್ತದೆ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಗಂಟಲಿನ ಸ್ಟ್ರೆಪ್ಟೊಕಾಕಸ್‌ಗೆ ಈ ಹಳೆಯ, ಅಗ್ಗದ ಔಷಧಿ ಇಂದಿಗೂ ಚೆನ್ನಾಗಿ ನಡೆಯುತ್ತದೆ. ಆದರೆ ಬಹುಪಾಲು ಸ್ಟೆಫೈಲೊಕಾಕಸ್‌ಗಳು ಪೆನಿಸಿಲಿನ್ ಅನ್ನು ಮುರಿದುಹಾಕುವುದನ್ನು ಕಲಿತಿವೆ. ವ್ಯಾಂಕೊಮೈಸಿನ್ ಎಂಬ ದೊಡ್ಡ ಇಂಜೆಕ್ಷನ್ ನೇರಳೆ ಗುಂಪಿಗೆ ಉಪಯುಕ್ತ, ಗುಲಾಬಿ ಗುಂಪಿನ ಬೇಲಿ ದಾಟಿ ಅದು ಒಳಗೆ ಹೋಗಲಾರದು. ಆದ್ದರಿಂದ "ಪವರ್ ಇರೋ ಗುಳಿಗಿ" ಎಂಬುದೇ ಇಲ್ಲ. ಸರಿಯಾದ ಗುಳಿಗೆ, ಸರಿಯಲ್ಲದ ಗುಳಿಗೆ, ಇವೆರಡೇ ಇರುವುದು.

ಮೂರನೆಯ ವಿಷಯ ಕಲ್ಚರ್ ಪರೀಕ್ಷೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲು ಒಂದು ರಾತ್ರಿ ಬೇಕಲ್ಲವೇ? ಹಾಗೆಯೇ ನಿಮ್ಮ ಮೂತ್ರ, ರಕ್ತ ಅಥವಾ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಯಲು ಸಮಯ ಬೇಕು. ಬೆಳೆದ ಮೇಲೆ ಬೇರೆ ಬೇರೆ ಔಷಧಿ ಹಚ್ಚಿದ ಸಣ್ಣ ಬಿಲ್ಲೆಗಳನ್ನು ಅದರ ಮೇಲೆ ಇಟ್ಟು, ಯಾವುದರ ಸುತ್ತ ಬೆಳವಣಿಗೆ ನಿಂತಿದೆ ಎಂದು ಅಳೆಯುತ್ತಾರೆ. ವರದಿಯಲ್ಲಿ 'ಎಸ್' ಎಂದರೆ ಔಷಧಿ ನಡೆಯುತ್ತದೆ, 'ಆರ್' ಎಂದರೆ ನಡೆಯುವುದಿಲ್ಲ. ಇದಕ್ಕೆಲ್ಲ 2ರಿಂದ 3 ದಿನ ಹಿಡಿಯುತ್ತದೆ, ಕೆಲವೊಮ್ಮೆ ಹೆಚ್ಚೂ ಆಗಬಹುದು. ಸೋಂಕು ತೀವ್ರವಾಗಿದ್ದರೆ ವೈದ್ಯರು ಕಾಯುವುದಿಲ್ಲ. ಪರೀಕ್ಷೆಗೆ ತೆಗೆದುಕೊಂಡ ಕೂಡಲೇ ಅಂದಾಜಿನ ಮೇಲೆ ಔಷಧಿ ಶುರು ಮಾಡಿ, ವರದಿ ಬಂದ ಮೇಲೆ ಬದಲಾಯಿಸುತ್ತಾರೆ. ಮೂರನೆಯ ದಿನ ಔಷಧಿ ಬದಲಾದರೆ "ಡಾಕ್ಟರಿಗೆ ಗೊತ್ತಾಗಲಿಲ್ಲ" ಎಂದು ತಿಳಿಯಬೇಡಿ. ಗೊತ್ತಾಗಿದೆ ಎಂದೇ ಬದಲಾಯಿಸಿದ್ದಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ, ಸಕ್ಕರೆ ಕಾಯಿಲೆಯ ಒಬ್ಬ ತಾಯಿ ಚಳಿ ಜ್ವರದಿಂದ ದಾಖಲಾದರು. "ಮೊದಲು ಏನಾದರೂ ಗುಳಿಗೆ ನುಂಗಿದ್ದೀಯಾ?" ಎಂದು ನಾಲ್ಕು ಜನರ ಮುಂದೆ ಗದರಿಸಿದಂತೆ ಕೇಳಿದೆ. ಅವರು "ಇಲ್ಲವ್ವಾ" ಎಂದರು. ಹಾಗೆಯೇ ಬರೆದುಕೊಂಡೆ. ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಹಾಗಾದರೆ ಸೋಂಕು ಮೂತ್ರದ್ದಲ್ಲ ಎಂದು ಮಲೇರಿಯಾ, ಡೆಂಗಿ ಎಂದು ಹುಡುಕಾಟ ನಡೆಯಿತು. ಮೊದಲು ಶುರು ಮಾಡಿದ್ದ ಇಂಜೆಕ್ಷನ್ನಿಗೆ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಸೀರೆ ಬದಲಾಯಿಸುವಾಗ ಸೆರಗಿನ ಗಂಟಿನಿಂದ ಒಂದು ಖಾಲಿ ಸ್ಟ್ರಿಪ್ ಬಿತ್ತು. ಉರಿಮೂತ್ರಕ್ಕೆಂದು ನೆರೆಮನೆಯವರು ಕೊಟ್ಟ ಉಳಿದ ಗುಳಿಗೆಗಳು, ನೈಟ್ರೊಫುರಾಂಟೊಯಿನ್.

ಈ ಔಷಧಿ ಮೂತ್ರಕೋಶದ ಸೋಂಕಿಗೆ ಒಳ್ಳೆಯದು. ಆದರೆ ಇದು ಮೂತ್ರದಲ್ಲಿ ಮಾತ್ರ ಸಾಕಷ್ಟು ಸೇರುತ್ತದೆ. ರಕ್ತದಲ್ಲಿ, ಮೂತ್ರಪಿಂಡದ ಒಳಗೆ ಸಾಕಷ್ಟು ಸೇರುವುದಿಲ್ಲ. ಆ ತಾಯಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಅಡಗಿತ್ತು, ಆದರೆ ಸೋಂಕು ಮೇಲೆ ಮೂತ್ರಪಿಂಡಕ್ಕೆ ಏರಿತ್ತು. ಸ್ಕ್ಯಾನ್‌ನಲ್ಲಿ ಬಾವು ಕಂಡಿತು, ರಕ್ತದ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆಯಿತು. ನಾವು ಕೊಡುತ್ತಿದ್ದ ಇಂಜೆಕ್ಷನ್ನಿಗೆ ವರದಿಯಲ್ಲಿ 'ಆರ್' ಇತ್ತು. 'ಎಸ್' ಇದ್ದ ಔಷಧಿಗಳಲ್ಲಿ ಅವರ ಮೂತ್ರಪಿಂಡಕ್ಕೆ ಒಗ್ಗುವಂಥದ್ದನ್ನು ವೈದ್ಯರು ಆರಿಸಿದರು. ದೇವರ ದಯೆ, ಅವರು ಗುಣವಾಗಿ ಮನೆಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದು, "ಬೈತೀರಿ ಅಂತ ಹೇಳಲಿಲ್ಲವ್ವಾ" ಎಂದರು. ತಪ್ಪು ಅವರದಲ್ಲ, ನಾನು ಕೇಳಿದ ರೀತಿಯದು. ಇಂದು ನನ್ನ ವಿದ್ಯಾರ್ಥಿನಿಯರಿಗೆ ಮೊದಲ ಪಾಠವಾಗಿ ಇದನ್ನೇ ಹೇಳುತ್ತೇನೆ: ಪಕ್ಕದಲ್ಲಿ ಕುಳಿತು, ಮೆಲ್ಲಗೆ ಕೇಳಿ. ಸೇವೆಯೆಂದರೆ ಸೂಜಿ ಚುಚ್ಚುವುದಷ್ಟೇ ಅಲ್ಲ.

ಬಂಧುಗಳೇ, ಒಂದೇ ಎಣ್ಣೆ ಪದೇ ಪದೇ ಹೊಡೆದರೆ ಹುಳು ಸಾಯದೆ ಮೊಂಡಾಗುವುದನ್ನು ನೀವು ಕಂಡಿದ್ದೀರಿ. ಬ್ಯಾಕ್ಟೀರಿಯಾಗಳೂ ಹಾಗೆಯೇ. ದುರ್ಬಲವಾದವು ಸತ್ತು, ತಡೆದುಕೊಂಡವು ಉಳಿದು ಹೆಚ್ಚುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿಯ ಭಾಷಣದಲ್ಲಿ, ಕಡಿಮೆ ಪ್ರಮಾಣದಲ್ಲಿ ನುಂಗಿದರೆ ಹೀಗಾಗುವುದೆಂದು ಎಚ್ಚರಿಸಿದ್ದರು. ಒಬ್ಬರು ಬೇಡದೆ ನುಂಗಿದ ಗುಳಿಗೆಯಿಂದ ಹುಟ್ಟಿದ ಮೊಂಡು ಬ್ಯಾಕ್ಟೀರಿಯಾ ನಾಳೆ ಇನ್ನೊಬ್ಬರ ಬಾಣಂತಿ ಮಗಳಿಗೋ ಹಸುಗೂಸಿಗೋ ಅಂಟಬಹುದು. ದಾಸೋಹದ ಅನ್ನವನ್ನು ಚೆಲ್ಲುವುದಿಲ್ಲ ನಾವು. ಆಂಟಿಬಯೋಟಿಕ್ ಕೂಡ ಎಲ್ಲರಿಗೂ ಸೇರಿದ ಆಸ್ತಿ, ಅದನ್ನೂ ಚೆಲ್ಲಬಾರದು.

ಮನೆಗೆ ಹೋಗುವ ಮುಂಚೆ ಇಷ್ಟನ್ನು ನೆನಪಿಡಿ:

1. ಮೊದಲು ನುಂಗಿದ ಎಲ್ಲ ಗುಳಿಗೆಗಳನ್ನೂ ಹೇಳಿ. ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ ತನ್ನಿ. ಯಾರೂ ಬೈಯುವುದಿಲ್ಲ.

2. ಹಿಂದೆ ಯಾವುದೇ ಔಷಧಿಗೆ ಮೈ ದದ್ದು, ಉಬ್ಬಸ ಬಂದಿದ್ದರೆ, ಗರ್ಭಿಣಿಯಾಗಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ತಪ್ಪದೆ ತಿಳಿಸಿ.

3. ಮೂತ್ರದ ಕಲ್ಚರ್‌ಗೆ ಸ್ವಚ್ಛವಾಗಿ ತೊಳೆದುಕೊಂಡು, ಮೊದಲು ಸ್ವಲ್ಪ ಬಿಟ್ಟು, ನಡುವಿನ ಮೂತ್ರವನ್ನು ನಾವು ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಕೂಡಲೇ ಲ್ಯಾಬಿಗೆ ಕೊಡಿ, 2 ಗಂಟೆ ಮೀರಬಾರದು.

4. ಜ್ವರ ಬಿಟ್ಟಿತೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ಒಳ್ಳೆಯದೆಂದು ಹೆಚ್ಚು ದಿನವೂ ನುಂಗಬೇಡಿ. ಕೆಲವು ಸೋಂಕಿಗೆ 5 ದಿನ ಸಾಕು, ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಬೇಕು. ಎಷ್ಟು ದಿನವೆಂದು ವೈದ್ಯರನ್ನು ಕೇಳಿ.

5. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ.

6. ಉಳಿದ ಗುಳಿಗೆಯನ್ನು ಪ್ರೀತಿಯಿಂದಲೂ ನೆರೆಯವರಿಗೆ ಕೊಡಬೇಡಿ. ಪ್ರೀತಿ ಇದ್ದರೆ ಅವರನ್ನು ಆಸ್ಪತ್ರೆಗೆ ಕರೆತನ್ನಿ.