ಜವಾಬ್ದಾರಿ ಎಂಬ ಹಳೆಯ ಮಾತು

ಕೋಲಾರದ ಸೀಮೆ ರಾಗಿಯ ಸೀಮೆ. ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲವೆಂಬ ಗಾದೆಗೆ ಇಲ್ಲಿ ವ್ಯಾಖ್ಯಾನ ಬೇಕಿಲ್ಲ. ಅದು ಅರಸರ ಕಾಲದ ಮಾತು. ರಾಗಿ ಬೀಸುವ ಕೈಗೆ ಆಗ ಆಳುವವರನ್ನು ಆರಿಸುವ ಅಧಿಕಾರವಿರಲಿಲ್ಲ. ಆ ಅಧಿಕಾರ ಬಂದು ಎಪ್ಪತ್ತು ವರ್ಷಗಳ ಮೇಲಾಯಿತು. ಆದರೂ ಪ್ರತಿಯೊಂದು ಚುನಾವಣೆ ಕಳೆದ ಮೇಲೆ ಅದೇ ಗಾದೆಯನ್ನು ಆಡುತ್ತೇವೆ. ಏಕೆ? ಇದಕ್ಕೆ ಎರಡು ಸುಲಭವಾದ ಉತ್ತರಗಳಿವೆ. ರಾಜಕಾರಣಿಗಳೆಲ್ಲರೂ ವಂಚಕರು ಎಂಬುದು ಒಂದು. ಮತದಾರರೇ ಅಜ್ಞರು ಎಂಬುದು ಇನ್ನೊಂದು. ಈ ಎರಡೂ ಸಾಲವೆನ್ನುವುದಕ್ಕೆ ಮಾರಿಕುಪ್ಪಂ ಸಾಕ್ಷಿಯಾಗಿದೆ.

ಬಂಗಾರಪೇಟೆಯಿಂದ ಕವಲೊಡೆದ ರೈಲುದಾರಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಅದನ್ನು ಹಾಕಿದ್ದು ಚಿನ್ನದ ಗಣಿಗಳಿಗಾಗಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸಕ್ಕೆ ತೊಡಗಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ, ಈ ಗಣಿಗಳಿಗೆ ಹರಿದು ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ ಸ್ಥಾಪಿತವಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದು ಕಾಲಕ್ಕೆ ಹೊರಗಿನವರನ್ನು ದುಡಿಮೆಗೆ ಕರೆತಂದ ರೈಲು ಈಗ ಇಲ್ಲಿಯ ಜನರನ್ನು ಬೆಳಗಿನ ಜಾವದಲ್ಲಿಯೇ ದುಡಿಮೆಗೆಂದು ಬೆಂಗಳೂರಿಗೆ ಒಯ್ಯುತ್ತದೆ.

ಈ ಜನ ತಮ್ಮ ಹಕ್ಕನ್ನು ಅರಿಯದವರೇನಲ್ಲ. 1930ರಲ್ಲಿ ಕೂಲಿಯವರ ಹೆಬ್ಬೆಟ್ಟಿನ ಗುರುತು ಪಡೆದು ನೋಂದಾಯಿಸುವ ಪದ್ಧತಿ ಬಂದಾಗ, ಅದು ಕಳ್ಳಕಾಕರಿಗೆ ಮಾಡುವ ಮರ್ಯಾದೆಯೆಂದು ಬಗೆದು ಅವರು ಕೆಲಸ ನಿಲ್ಲಿಸಿದರು. 1946ರ ನವೆಂಬರ್ 4ರಂದು, ಮುಷ್ಕರದ ದಿನಗಳಲ್ಲಿ, ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಹೆಬ್ಬೆರಳಿಗೆ ಮಸಿ ಬೇಡವೆಂದವರ ಮಕ್ಕಳು ಮುಂದೆ ತೋರುಬೆರಳಿಗೆ ಚುನಾವಣೆಯ ಶಾಯಿಯನ್ನು ತಾವಾಗಿಯೇ ಹಚ್ಚಿಸಿಕೊಂಡರು. ಮೊದಲನೆಯದರಲ್ಲಿ ಅವರು ಅಪಮಾನವನ್ನು ಕಂಡರು, ಎರಡನೆಯದರಲ್ಲಿ ಮಾನವನ್ನು.

ಆ ಶಾಯಿಯನ್ನು ಅವರು ಒಂದೇ ಪಕ್ಷಕ್ಕೆ ಮೀಸಲಿಡಲಿಲ್ಲ. ಕೋಲಾರ ಚಿನ್ನದ ಗಣಿ ಕ್ಷೇತ್ರ ಕಮ್ಯೂನಿಸ್ಟರನ್ನು ಆರಿಸಿದೆ, ರಿಪಬ್ಲಿಕನ್ ಪಕ್ಷದವರನ್ನು ಆರಿಸಿದೆ, ಕರ್ನಾಟಕದಲ್ಲಿ ಅಪರೂಪವೆಂಬಂತೆ ಅಣ್ಣಾ ಡಿ.ಎಂ.ಕೆ.ಯವರನ್ನೂ ಆರಿಸಿದೆ. 2008 ಮತ್ತು 2013ರಲ್ಲಿ ಭಾರತೀಯ ಜನತಾ ಪಕ್ಷ ಗೆದ್ದಿತು. 2018 ಮತ್ತು 2023ರಲ್ಲಿ ಕಾಂಗ್ರೆಸ್ಸು. ಇದು ಅಜ್ಞಾನದ ಲಕ್ಷಣವಲ್ಲ. ಒಂದೊಂದೇ ಬಾಗಿಲನ್ನು ತಟ್ಟಿ ನೋಡಿದವರ ಲಕ್ಷಣ.

ಹಾಗಾದರೆ ಗಣಿಯ ಅಳಿವು ಉಳಿವು ಯಾರ ಕೈಯಲ್ಲಿತ್ತು? 1992ರಲ್ಲಿ ಕಂಪನಿಯ ವಿಷಯ ರೋಗಗ್ರಸ್ತ ಉದ್ಯಮಗಳನ್ನು ಪರಿಶೀಲಿಸುತ್ತಿದ್ದ ಮಂಡಳಿಯ ಮುಂದೆ ಹೋಯಿತು. 2000ದಲ್ಲಿ ಆ ಮಂಡಳಿ ಅದನ್ನು ವಿಸರ್ಜಿಸಬೇಕೆಂದು ಅಭಿಪ್ರಾಯಪಟ್ಟಿತು. ಕೇಂದ್ರ ಸರ್ಕಾರ ಮುಚ್ಚಲು ಅನುಮತಿ ಕೊಟ್ಟಿತು. ಅನಂತರ ವಿವಾದ ನ್ಯಾಯಾಲಯಗಳನ್ನು ಹತ್ತಿ, 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ಒಪ್ಪಿಗೆಯಿತ್ತಿತು. ಗಣಿಯ ತ್ಯಾಜ್ಯದ 13 ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವ ಸಂಪುಟ ಸಮ್ಮತಿಸಿದ್ದು 2024ರಲ್ಲಿ. ಈ ಸರಣಿಯಲ್ಲಿ ಕ್ಷೇತ್ರದ ಶಾಸಕನ ಸ್ಥಾನವೆಲ್ಲಿ? ಗಣಿ ತೆರೆಸುವೆನೆಂದು ವೇದಿಕೆಯಿಂದ ಮಾತು ಕೊಡುವವನಿಗೆ ಅದನ್ನು ತೆರೆಯುವ ಅಧಿಕಾರವಿಲ್ಲ. ಅಧಿಕಾರವುಳ್ಳವರು ಮಾರಿಕುಪ್ಪಂನ ಬೀದಿಗೆ ಮತ ಕೇಳಲು ಬರುವವರಲ್ಲ. ಮಾತು ಒಬ್ಬರದು, ಹೊಣೆ ಮತ್ತೊಬ್ಬರದು. ಜನರ ಭ್ರಮನಿರಸನದ ಬೇರು ಇರುವುದು ಈ ಬಿರುಕಿನಲ್ಲಿ. ಲಂಚಕೋರತನ, ಪಕ್ಷಾಂತರ ಇವೆಲ್ಲ ನಿಜವಾದ ರೋಗಗಳೇ. ಆದರೆ ಪರಮ ಪ್ರಾಮಾಣಿಕನಾದ ಶಾಸಕನೊಬ್ಬ ಗೆದ್ದಿದ್ದರೂ ಈ ಬಿರುಕು ಮುಚ್ಚುತ್ತಿರಲಿಲ್ಲವೆಂಬುದನ್ನು ಗಮನಿಸಬೇಕು.

ನಮ್ಮ ಸಂಸ್ಥಾನದಲ್ಲಿ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಮೊದಮೊದಲು ಅಲ್ಲಿ ಪ್ರತಿನಿಧಿಗಳು ದಿವಾನರ ಮುಂದೆ ಅಹವಾಲು ಹೇಳಿಕೊಳ್ಳಬಹುದಾಗಿತ್ತು, ಆಜ್ಞೆ ಮಾಡುವಂತಿರಲಿಲ್ಲ. ಅಷ್ಟು ಸಾಲದೆಂದೇ 1947ರಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಅದರ ಬೇಡಿಕೆಯ ಹೆಸರು ಜವಾಬ್ದಾರಿ ಸರ್ಕಾರ. ಆ ವರ್ಷದ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯಾದವರು ಕೆ. ಸಿ. ರೆಡ್ಡಿ, ಈ ಗಣಿಗಳಿಗೆ ಸಮೀಪದ ಕ್ಯಾಸಂಬಳ್ಳಿಯವರು. ಅಂದಿನವರು ಆರಿಸಿಕೊಂಡ ಶಬ್ದವನ್ನು ನೋಡಿ: ಒಳ್ಳೆಯ ಸರ್ಕಾರವೆನ್ನಲಿಲ್ಲ, ಉದಾರವಾದ ಸರ್ಕಾರವೆನ್ನಲಿಲ್ಲ, ಜವಾಬು ಕೊಡಬೇಕಾದ ಸರ್ಕಾರ ಬೇಕೆಂದರು.

ಆ ಶಬ್ದವನ್ನು ನಾವು ಎಲ್ಲಿಯೋ ಬಿಟ್ಟು ಬಂದಿದ್ದೇವೆ. ಶಾಸಕನ ಮನೆಯ ಮುಂದೆ ಬೆಳಗ್ಗೆ ಅರ್ಜಿ ಹಿಡಿದು ನಿಲ್ಲುವವನ ಭಂಗಿ 1881ರ ಅಹವಾಲಿನ ಭಂಗಿಯೇ ಅಲ್ಲವೆ? ಪ್ರತಿನಿಧಿಯನ್ನು ದಾನಿಯೆಂದು ಬಗೆದವನು ದಾನ ಸಿಗದಾಗ ಶಪಿಸುತ್ತಾನೆ, ಸಿಕ್ಕಾಗ ಕೈಮುಗಿಯುತ್ತಾನೆ. ಲೆಕ್ಕವನ್ನು ಮಾತ್ರ ಕೇಳುವುದಿಲ್ಲ. ಶಾಪವೂ ನಮಸ್ಕಾರವೂ ರಾಜಕಾರಣಿಗೆ ತೊಂದರೆ ಕೊಡವು. ಯಾರು ಬಂದರೂ ಅಷ್ಟೇ ಎನ್ನುವವನಿಂದ ಅವನಿಗೆ ಭಯವೇ ಇಲ್ಲ.

ಆದುದರಿಂದ ಮತ ಕೇಳಲು ಬಂದವರ ಮುಂದೆ ಇಡಬೇಕಾದ ಪ್ರಶ್ನೆ ಬದಲಾಗಬೇಕು. ಗಣಿ ತೆರೆಸುವಿರಾ ಎಂದು ಕೇಳಿದರೆ ಬರುವ ಉತ್ತರ ಗೊತ್ತಿರುವುದೇ. ಕಡತ ಯಾರ ಮೇಜಿನ ಮೇಲಿದೆ? ಅದನ್ನು ತೀರ್ಮಾನಿಸುವ ಅಧಿಕಾರ ಯಾರದು? ನಿಮ್ಮ ಅಧಿಕಾರದ ಮಿತಿಯೊಳಗೆ ನೀವು ಮಾಡಬಲ್ಲದ್ದೇನು? ಮಾಡಿದ್ದನ್ನು ಯಾವ ದಿನ, ಯಾವ ಸಭೆಯಲ್ಲಿ ನಮಗೆ ಒಪ್ಪಿಸುವಿರಿ? ಇವು ರೋಮಾಂಚನದ ಪ್ರಶ್ನೆಗಳಲ್ಲ. ಇವಕ್ಕೆ ಚಪ್ಪಾಳೆ ಬೀಳದು. ಆದರೆ ತನಗೆ ಇಷ್ಟೇ ಅಧಿಕಾರವಿದೆಯೆಂದು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುವ ಅಭ್ಯರ್ಥಿಗೆ ಮತ ಕೊಡಲು ನಾವು ಸಿದ್ಧರಿದ್ದೇವೆಯೆ ಎಂಬ ಪ್ರಶ್ನೆಯನ್ನು ಮಾತ್ರ ನಮಗೆ ನಾವೇ ಕೇಳಿಕೊಳ್ಳಬೇಕಾಗಿದೆ.