ಸೊಂಟದ ಎಕ್ಸ್-ರೇ: ಮಲಗುವುದರಲ್ಲೇ ಅರ್ಧ ಕೆಲಸ

ಸಾಧ್ಯವಿದ್ದರೆ ಒಂದು ಚಾಪೆ ಹಾಸಿ ಅಂಗಾತ ಮಲಗಿ, ಕಾಲು ಪೂರ್ತಿ ಚಾಚಿ. ಈಗ ಒಂದು ಅಂಗೈಯನ್ನು ಸೊಂಟದ ಅಡಿಗೆ ತೂರಿಸಿ. ಬಹುತೇಕರಿಗೆ ಕೈ ಸಲೀಸಾಗಿ ಒಳಗೆ ಹೋಗುತ್ತದೆ. ಕೈ ಅಲ್ಲೇ ಇರಲಿ. ಎರಡೂ ಮೊಣಕಾಲು ಮಡಚಿ ಪಾದ ನೆಲಕ್ಕೆ ಊರಿ. ಬೆನ್ನು ನಿಧಾನಕ್ಕೆ ಕೆಳಗಿಳಿದು ಕೈಯನ್ನು ಒತ್ತತೊಡಗುತ್ತದೆ.

ಸೊಂಟದ ಎಕ್ಸ್-ರೇ ಚೆನ್ನಾಗಿ ಬರುವುದೂ ಕೆಡುವುದೂ ಇಷ್ಟರಲ್ಲೇ ಇದೆ. ಯಂತ್ರ ಹೊಸದೋ ಹಳೆಯದೋ ಎಂಬುದಕ್ಕಿಂತ, ಗುಂಡಿ ಒತ್ತುವ ಮೊದಲು ರೋಗಿಯನ್ನು ಹೇಗೆ ಮಲಗಿಸಿದರು ಎಂಬುದೇ ಎಷ್ಟೋ ಸಲ ಹೆಚ್ಚು ಮುಖ್ಯ. ಜೊಯಿಡಾದಂಥ ತಾಲ್ಲೂಕಿನಲ್ಲಂತೂ ಈ ಮಾತಿಗೆ ತೂಕ ಹೆಚ್ಚು.

ಮೊದಲು ತಾಲ್ಲೂಕು ಕೇಂದ್ರವಾಗಿದ್ದ ಹಳೆಯ ಸೂಪಾ ಊರು ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ಕೇಂದ್ರ ಜೊಯಿಡಾಕ್ಕೆ ಬಂತು. ತಾಲ್ಲೂಕು ವಿಸ್ತೀರ್ಣದಲ್ಲಿ ದೊಡ್ಡದು, ಜನ ಮಾತ್ರ 2011ರ ಜನಗಣತಿಯಲ್ಲಿ ಐವತ್ತು ಸಾವಿರದ ಆಸುಪಾಸು. ಉಳಿದದ್ದೆಲ್ಲ ಕಾಡು. ಡಿಗ್ಗಿ, ಕುಂಬಾರವಾಡ, ಅಣಶಿ ಕಡೆಯ ಹಳ್ಳಿಗಳಲ್ಲಿ ಬಾಗಿ ನಾಟಿ ಮಾಡುವವರು, ಗುದ್ದಲಿ ಹಿಡಿದು ಗೆಡ್ಡೆ ಗೆಣಸು ಅಗೆಯುವ ಕುಣಬಿಗಳು, ತಲೆಹೊರೆ ಹೊತ್ತು ಏರು ಹತ್ತುವವರು. ಇವರಿಗೆ ನಡ ಹಿಡಿಯುವುದು ಅಪರೂಪದ ಸಂಗತಿಯಲ್ಲ. ಆದರೆ ಎಕ್ಸ್-ರೇಗೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಗುತ್ತದೆ, ನೋಯುವ ಸೊಂಟ ಹೊತ್ತು ಬಸ್ಸಿನ ಕುಲುಕಾಟ ತಿನ್ನಬೇಕಾಗುತ್ತದೆ. ಚಿತ್ರ ಸರಿ ಬಂದಿಲ್ಲ, ಹುಬ್ಬಳ್ಳಿಯಲ್ಲೋ ಕಾರವಾರದಲ್ಲೋ ಮತ್ತೊಮ್ಮೆ ತೆಗೆಸಿ ಎಂದರೆ ಆ ಮನೆಗೆ ಅದು ಸಣ್ಣ ಮಾತಲ್ಲ. ಮೊದಲ ಸಲವೇ ಸರಿಯಾಗಿ ತೆಗೆಯುವುದು ಇಂಥವರಿಗೆ ಆಸ್ಪತ್ರೆ ಸಲ್ಲಿಸಬೇಕಾದ ಗೌರವ.

ಈಗ ಆ ಮೊಣಕಾಲಿನ ವಿಷಯಕ್ಕೆ ಬರೋಣ. ನಮ್ಮ ಸೊಂಟದಲ್ಲಿ ಐದು ಕಶೇರುಮಣಿಗಳಿವೆ. ಅವು ನೆಟ್ಟಗಿಲ್ಲ, ಹೊಟ್ಟೆಯ ಕಡೆಗೆ ಬಾಗಿವೆ. ಆ ಮಣಿಗಳಿಂದ ಹೊರಟು ತೊಡೆಮೂಳೆಗೆ ಅಂಟುವ ಸೋಆಸ್ ಎಂಬ ದಪ್ಪ ಸ್ನಾಯುವೊಂದಿದೆ. ಕಾಲು ಚಾಚಿದಾಗ ಅದು ಬಿಗಿಯಾಗಿ ಮಣಿಗಳನ್ನು ಮುಂದಕ್ಕೆ ಎಳೆಯುತ್ತದೆ, ಬಾಗು ಹೆಚ್ಚುತ್ತದೆ. ಮೊಣಕಾಲು ಮಡಚಿದರೆ ಸ್ನಾಯು ಸಡಿಲ, ಬೆನ್ನು ನೆಲಕ್ಕೆ ಹತ್ತಿರ. ಅದಕ್ಕೇ ಮೊಣಕಾಲ ಕೆಳಗೊಂದು ದಿಂಬು ಇಡುವುದು. ದಿಂಬು ಇಲ್ಲದಿದ್ದರೆ ಸುತ್ತಿದ ಕಂಬಳಿಯೂ ನಡೆಯುತ್ತದೆ.

ಬಾಗು ಕಡಿಮೆಯಾದರೆ ಲಾಭ ಏನು? ಎಕ್ಸ್-ರೇ ಅಂದರೆ ಟೇಬಲ್ಲಿನ ಅಡಿಯ ಫಲಕದ ಮೇಲೆ ಬೀಳುವ ನೆರಳು. ಕತ್ತಲ ಕೋಣೆಯಲ್ಲಿ ದೀಪದ ಎದುರು ಕೈ ಹಿಡಿದಾಗ, ಕೈ ಗೋಡೆಗೆ ಹತ್ತಿರವಿದ್ದರೆ ನೆರಳು ಸ್ಪಷ್ಟ, ದೂರ ಸರಿದರೆ ದೊಡ್ಡದಾಗಿ ಅಂಚು ಮಸುಕು. ಬೆನ್ನು ಟೇಬಲ್ಲಿಗೆ ಹತ್ತಿರವಾದಷ್ಟೂ ಮೂಳೆಯ ಅಂಚು ಚೂಪಾಗಿ ಬರುವುದು ಅದೇ ಕಾರಣಕ್ಕೆ. ಇದು ಮೊದಲ ಲಾಭ. ಎರಡನೆಯದು ಇನ್ನೂ ದೊಡ್ಡದು. ಮಾಮೂಲಿ ಎಕ್ಸ್-ರೇಯಲ್ಲಿ ಎರಡು ಮಣಿಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಕಾಣುವುದಿಲ್ಲ, ಅದು ಕೂತಿರುವ ಸಂದು ಮಾತ್ರ ಕಾಣುತ್ತದೆ. ಆ ಸಂದು ಎಷ್ಟು ಅಗಲ ಇದೆ ಎಂದು ನೋಡಿಯೇ ವೈದ್ಯರು ಡಿಸ್ಕ್ ಸವೆದಿದೆಯೋ ಇಲ್ಲವೋ ಎಂದು ಅಂದಾಜು ಮಾಡುವುದು. ಬಾಗು ಹೆಚ್ಚಿ, ಕಿರಣ ಸಂದಿನ ಮೂಲಕ ನೇರವಾಗಿ ಹಾಯದೆ ಓರೆಯಾಗಿ ಹಾಯ್ದರೆ ಮೇಲಿನ ಮಣಿಯ ನೆರಳು ಕೆಳಗಿನದರ ಮೇಲೆ ಬೀಳುತ್ತದೆ. ಚೆನ್ನಾಗಿರುವ ಸಂದೂ ಮುಚ್ಚಿದಂತೆ ತೋರುತ್ತದೆ. ಕಾಲು ಚಾಚಿ ಮಲಗಿಸಿ ತೆಗೆದ ಒಂದು ಚಿತ್ರ, ಇಲ್ಲದ ಡಿಸ್ಕ್ ಸವೆತವನ್ನು ಇದೆ ಎನ್ನಿಸಬಲ್ಲದು.

ಬೋರಲು ಮಲಗಿಸಿ ತೆಗೆಯುವ ಕ್ರಮವೂ ಇದೆ. ಆಗ ಸೊಂಟದ ಬಾಗು ಕಿರಣ ಹರಡುವ ದಿಕ್ಕಿಗೇ ಹೊಂದಿಕೊಳ್ಳುತ್ತದೆ, ಹೊಟ್ಟೆಯ ಅಂಗಗಳಿಗೆ ಬೀಳುವ ವಿಕಿರಣವೂ ಕಡಿಮೆ. ಆದರೆ ಬೆನ್ನುಮೂಳೆ ಟೇಬಲ್ಲಿನಿಂದ ದೂರವಾಗುತ್ತದೆ, ನೋವಿದ್ದವರಿಗೆ ಬೋರಲು ಮಲಗುವುದೂ ಕಷ್ಟ.

ಮಲಗಿಸಿದ ಮೇಲೆ ಗುರಿ ಹಿಡಿಯಬೇಕು. ಸೊಂಟದ ಮೇಲೆ ಕೈ ಇಟ್ಟು ನಿಂತಾಗ ಕೈ ತಂಗುವ ಮೂಳೆಯ ಏಣು ಇದೆಯಲ್ಲ, ಸುಮಾರಾಗಿ ಅದರ ಮಟ್ಟದಲ್ಲೇ ನಾಲ್ಕನೆಯ ಮತ್ತು ಐದನೆಯ ಸೊಂಟದ ಮಣಿಗಳು ಸೇರುತ್ತವೆ. ತಂತ್ರಜ್ಞರು ಬೆರಳಿನಿಂದ ಒತ್ತಿ ಹುಡುಕುವುದು ಈ ಏಣನ್ನೇ. ಯಂತ್ರದ ಟ್ಯೂಬನ್ನು ಸಾಮಾನ್ಯವಾಗಿ 100 ಸೆಂಟಿಮೀಟರ್ ಎತ್ತರದಲ್ಲಿಟ್ಟು ಬೆಳಕಿನ ಚೌಕವನ್ನು ಅಲ್ಲಿಗೆ ಹೊಂದಿಸುತ್ತಾರೆ. ಮುಟ್ಟುವ ಮೊದಲು "ಅವ್ವಾ, ಇಲ್ಲಿ ಮೂಳೆ ಹುಡುಕತೀನ್ರಿ" ಎಂದು ಒಂದು ಮಾತು ಹೇಳಬೇಕು, ಹೆಣ್ಣುಮಕ್ಕಳ ಜೊತೆಗೆ ಒಬ್ಬ ಹೆಂಗಸು ಇರಬೇಕು. ನಾಚಿ ಮೈ ಬಿಗಿಹಿಡಿದು ಮಲಗಿದವರ ಬೆನ್ನು ತಿರುಚಿಕೊಂಡಿರುತ್ತದೆ, ಚಿತ್ರದಲ್ಲೂ ಹಾಗೇ ಬರುತ್ತದೆ.

ಪಕ್ಕಕ್ಕೆ ಮಲಗಿಸಿ ತೆಗೆಯುವ ಎರಡನೆಯ ಚಿತ್ರದಲ್ಲಿ ಎಡವುವುದು ಹೆಚ್ಚು. ಮಗ್ಗುಲಾಗಿ ಮಲಗಿದಾಗ ಭುಜ ಮತ್ತು ನಿತಂಬ ಅಗಲ, ನಡುವೆ ಸೊಂಟ ಸಣ್ಣ. ಹಾಗಾಗಿ ಬೆನ್ನುಮೂಳೆ ನಡುವೆ ಜೋತುಬೀಳುತ್ತದೆ. ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಸೊಂಟದ ಕೆಳಗೆ ಮಡಚಿದ ಟವೆಲ್ ಕೊಟ್ಟು ಬೆನ್ನನ್ನು ಟೇಬಲ್ಲಿಗೆ ಸಮಾನಾಂತರ ಮಾಡಬೇಕು. ಆಸರೆ ಕೊಡಲಾಗದಿದ್ದರೆ ಟ್ಯೂಬನ್ನು ಕಾಲಿನ ಕಡೆಗೆ 5ರಿಂದ 8 ಡಿಗ್ರಿ ವಾಲಿಸುತ್ತಾರೆ. ಮೊಣಕಾಲುಗಳನ್ನು ಮಡಚಿ ಒಂದರ ಮೇಲೊಂದು ಇಟ್ಟು ನಡುವೆ ದಿಂಬು ಇಡಬೇಕು. ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜಾರಿ ಇಡೀ ಮೈ ತಿರುಗುತ್ತದೆ. ಪಕ್ಕದಿಂದ ಕಿರಣ ದಾಟಬೇಕಾದ ದೇಹ ದಪ್ಪ, ಹಾಗಾಗಿ ವಿಕಿರಣವೂ ಹೆಚ್ಚು ಬೇಕು, ಚದುರಿ ಚಿತ್ರವನ್ನು ಮಬ್ಬಾಗಿಸುವ ಕಿರಣವೂ ಹೆಚ್ಚು. ಬೆನ್ನ ಹಿಂದೆ ಟೇಬಲ್ ಮೇಲೆ ಒಂದು ಸೀಸದ ರಬ್ಬರ್ ಹಾಳೆ ಇಟ್ಟರೆ ಆ ಮಬ್ಬು ಎಷ್ಟೋ ತಗ್ಗುತ್ತದೆ.

ಇನ್ನು ಉಸಿರು. ಉಸಿರು ಪೂರ್ತಿ ಬಿಟ್ಟು ಕ್ಷಣಕಾಲ ತಡೆಯಬೇಕು. ಆಗ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ ಮೇಲೇರಿ ಹೊಟ್ಟೆಯ ದಪ್ಪ ಇಳಿಯುತ್ತದೆ, ಅಲುಗಾಟ ನಿಲ್ಲುತ್ತದೆ. ಜೊಯಿಡಾದಲ್ಲಿ ಇದನ್ನು ಹೇಳುವುದಕ್ಕೂ ಒಂದು ಹದ ಬೇಕು. ಇಲ್ಲಿ ಕನ್ನಡದ ಜೊತೆಗೆ ಕೊಂಕಣಿ, ಮರಾಠಿ ಮನೆಮಾತಾಗಿರುವವರು ಬಹಳ. ಗುಂಡಿಯ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಕೂಗಿದರೆ ವಯಸ್ಸಾದವರು ಗಾಬರಿಯಾಗಿ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತಾರೆ, ಆಗಬೇಕಾದದ್ದರ ಉಲ್ಟಾ ಆಗುತ್ತದೆ. "ಅಜ್ಜಾ, ಉಸಿರು ಬಿಡ್ರಿ, ಹಂಗ ತಡೀರಿ" ಎಂದೋ "ಶ್ವಾಸ ಸೋಡಾ, ಹಲೂ ನಕಾ" ಎಂದೋ ಮೊದಲೇ ಒಂದು ಸಲ ಅಭ್ಯಾಸ ಮಾಡಿಸಿದರೆ ಅರ್ಧ ನಿಮಿಷದ ಕೆಲಸ.

ರೋಗಿಯ ಕಡೆಯಿಂದಲೂ ಒಂದಿಷ್ಟು ತಯಾರಿ ಬೇಕು, ಮೊದಲನೆಯದು ಮೈಮೇಲಿನ ಲೋಹ ತೆಗೆದಿಡುವುದು. ವಿಲ್ಹೆಲ್ಮ್ ರಾಂಟ್ಜೆನ್ 1895ರ ನವೆಂಬರ್ 8ರಂದು ಈ ಕಿರಣಗಳನ್ನು ಗುರುತಿಸಿ, ಡಿಸೆಂಬರ್ 22ರಂದು ಹೆಂಡತಿಯ ಕೈಯ ಚಿತ್ರ ತೆಗೆದರು. ಆ ಹೆಸರಾಂತ ಚಿತ್ರದಲ್ಲಿ ಬೆರಳ ಮೂಳೆಗಿಂತ ಎದ್ದು ಕಾಣುವುದು ಉಂಗುರ. ಲೋಹ ಹಾಗೇ. ಉಡಿದಾರಕ್ಕೆ ಕಟ್ಟಿದ ತಾಯಿತ, ಸೀರೆಯ ಪಿನ್ನು, ಸೆರಗಿನ ಗಂಟಿನಲ್ಲಿನ ನಾಣ್ಯ, ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ, ಕತ್ತಿಕೊಕ್ಕೆಯ ಪಟ್ಟಿಯ ಬಕಲ್, ಎಲ್ಲವೂ ಸರಿಯಾಗಿ ಸೊಂಟದ ಮಣಿಗಳ ಮೇಲೇ ಬಿಳಿ ಕಲೆಯಾಗಿ ಕೂರುತ್ತವೆ. ತಾಯಿತ ಬಿಚ್ಚಲು ಮನಸ್ಸಿಲ್ಲದವರು ಅದನ್ನು ಎದೆಯವರೆಗೆ ಮೇಲಕ್ಕೆ ಸರಿಸಿಕೊಂಡರೂ ಸಾಕು.

ಬಸುರಿಯೇ ಎಂಬ ಪ್ರಶ್ನೆಯನ್ನು ಅತ್ತೆ, ಗಂಡ, ಮೈದುನರ ಎದುರು ಕೇಳಬಾರದು, ಹೆಂಗಸನ್ನು ಒಬ್ಬಳನ್ನೇ ಒಳಗೆ ಕರೆದು ಕೇಳಬೇಕು. ಮುಟ್ಟು ತಡವಾಗಿದ್ದರೆ ಆಕೆಯೂ ಕೇಳುವ ಮೊದಲೇ ಹೇಳಿಬಿಡಬೇಕು. ಸೊಂಟದ ಎಕ್ಸ್-ರೇಯಿಂದ ಸುಮಾರು 1.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಜಾಗತಿಕ ಸರಾಸರಿ 2.4 ತಗಲುವುದರಿಂದ, ಇದು ಏಳು ತಿಂಗಳ ಲೆಕ್ಕ. ಹೆದರುವಂಥದ್ದಲ್ಲ, ಆದರೆ ಎದೆಯ ಎಕ್ಸ್-ರೇಗಿಂತ ಎಷ್ಟೋ ಪಟ್ಟು ಹೆಚ್ಚು. ಚಿತ್ರ ಕೆಟ್ಟು ಮತ್ತೆ ತೆಗೆದರೆ ಅದೂ ಮತ್ತೆ ಬೀಳುತ್ತದೆ. ಡಿಜಿಟಲ್ ಯಂತ್ರ ಬಂದ ಮೇಲೆ ಪರದೆಯ ಮೇಲೆ ತಕ್ಷಣ ಕಾಣುವುದರಿಂದ "ಇನ್ನೊಂದು ತೆಗೆದರಾಯ್ತು" ಎಂಬ ಸಲಿಗೆ ಬೆಳೆಯಬಹುದು, ಅದನ್ನು ಬೆಳೆಸಿಕೊಳ್ಳಬಾರದು.

ಹಾಗೆಯೇ ನಡ ನೋವು ಎಂದ ಕೂಡಲೇ ಎಕ್ಸ್-ರೇ ಬೇಕಿಲ್ಲ. ಭಾರ ಎತ್ತಿ ಹಿಡಿದುಕೊಂಡ ಸೊಂಟ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಸಡಿಲಾಗುತ್ತದೆ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಹಿಂದೆ ಕ್ಯಾನ್ಸರ್ ಆಗಿದ್ದು, ಕ್ಷಯದ ಸಂಶಯ, ವಯಸ್ಸಾದವರು ಬಿದ್ದದ್ದು, ಇವು ಇದ್ದರೆ ತಡಮಾಡಬಾರದು. ಕಾಲಿನ ಬಲ ಹೋಗುವುದು, ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು ಕಂಡರೆ ಎಕ್ಸ್-ರೇಗೆ ಕಾಯದೆ ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಇಷ್ಟೆಲ್ಲ ನಿಯಮ ಒಂದು ಸಂದರ್ಭದಲ್ಲಿ ತಲೆಕೆಳಗಾಗುತ್ತದೆ. ಅಡಿಕೆ ಮರದಿಂದಲೋ ಜೇನು ಕೀಳಲು ಹತ್ತಿದ ಮರದಿಂದಲೋ ಬಿದ್ದವರಿಗೆ ಮೊಣಕಾಲು ಮಡಚಿಸುವುದೂ ಇಲ್ಲ, ಮಗ್ಗುಲು ತಿರುಗಿಸುವುದೂ ಇಲ್ಲ. ಮೂಳೆ ಮುರಿದಿದ್ದರೆ ಒಂದು ಹೊರಳಾಟ ನರಕ್ಕೆ ಪೆಟ್ಟು ಕೊಡಬಹುದು. ಮಲಗಿದವರನ್ನು ಮಲಗಿದಂತೆಯೇ ಬಿಟ್ಟು, ಟ್ಯೂಬನ್ನೇ ಅಡ್ಡ ತಿರುಗಿಸಿ ಪಕ್ಕದಿಂದ ಚಿತ್ರ ತೆಗೆಯುತ್ತಾರೆ. ಹೊರಳಿಸಲೇಬೇಕಾದರೆ ಮೂರ್ನಾಲ್ಕು ಜನ ಸೇರಿ, ತಲೆ, ಭುಜ, ಸೊಂಟ, ಕಾಲು ಒಂದೇ ಸಾಲಿನಲ್ಲಿರುವಂತೆ ಒಟ್ಟಿಗೆ ಹೊರಳಿಸಬೇಕು. ಊರಿನಿಂದ ಹೊರಡುವಾಗಲೂ ಅಷ್ಟೇ. ಬಿದ್ದವರನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಆಂಬ್ಯುಲೆನ್ಸ್ ಬರುವವರೆಗೆ ಅಲುಗಿಸದೆ ಇರಬೇಕು, ವಾಹನ ಬಾರದ ಜಾಗವಾದರೆ ಗಟ್ಟಿ ಹಲಗೆಯ ಮೇಲೆ ಚಪ್ಪಟೆ ಮಲಗಿಸಿ ಕಟ್ಟಿ ಹೊತ್ತು ತರಬೇಕು.

ಚಿತ್ರ ಮುಗಿದ ಮೇಲೆ, ಪೆಟ್ಟಿಲ್ಲದ ರೋಗಿ ಮೊದಲು ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಬೇಕು. ಒಮ್ಮೆಗೇ ನೆಟ್ಟಗೆ ಎದ್ದರೆ ನೋವು ಕೆರಳುತ್ತದೆ. ಕೈಗೆ ಬಂದ ಫಿಲ್ಮನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಬಾರದು. ಜೊಯಿಡಾದ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟುತ್ತವೆ, ನಡುವೆ ಕಾಗದ ಇಟ್ಟು ಪ್ಲಾಸ್ಟಿಕ್ ಕವರಿನಲ್ಲಿ ಚಪ್ಪಟೆಯಾಗಿ ಒಣ ಜಾಗದಲ್ಲಿಡಬೇಕು. ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ಅದನ್ನು ಜೊತೆಗೆ ಒಯ್ಯಬೇಕು. ಮಣಿ ಈಗ ಜರುಗಿದ್ದೋ ಹತ್ತು ವರ್ಷದಿಂದ ಹಾಗೇ ಇದ್ದದ್ದೋ ಎಂದು ವೈದ್ಯರಿಗೆ ಗೊತ್ತಾಗುವುದು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ.